ತೂಕ ಬೇರೆ, ಸತ್ವ ಬೇರೆ



ದೋಣಿಮಲೈಯಲ್ಲಿ ಅದಿರಿನ ಲೆಕ್ಕ ತಿಳಿಯದ ಮನೆಯಿಲ್ಲ. 1977ರಲ್ಲಿ ಇಲ್ಲಿನ ಗಣಿ ಆರಂಭವಾದಂದಿನಿಂದ ಅದಿರಿಗೆ ಎರಡು ಅಳತೆಗಳಿವೆ. ಎಷ್ಟು ಟನ್ ಎಂಬುದು ಒಂದು. ಮಾದರಿ ತೆಗೆದು ಪರೀಕ್ಷಿಸಿದಾಗ ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟು ಎಂಬುದು ಇನ್ನೊಂದು. ತೂಕವಿದ್ದ ಮಾತ್ರಕ್ಕೆ ಸತ್ವವಿರಬೇಕಾಗಿಲ್ಲ. ಅದಿರಿನ ವಿಷಯದಲ್ಲಿ ನಾವೆಲ್ಲ ಬಲ್ಲ ಈ ಸತ್ಯವನ್ನು ಮನುಷ್ಯರನ್ನು ಅಳೆಯುವಾಗ ಏಕೆ ಮರೆಯುತ್ತೇವೆ?

ಇಲ್ಲಿನ ತಾಯಿಯೊಬ್ಬರು ಈಚೆಗೆ ತಮ್ಮ ಸಂಕಟ ಹೇಳಿಕೊಂಡರು. ಅವರ ಮಗಳು ಆರೋಗ್ಯ ಸಂಶೋಧಕಿ. ವರ್ಷಗಟ್ಟಲೆ ಹಳ್ಳಿಗಳನ್ನು ಸುತ್ತಿ ಮಾಹಿತಿ ಕಲೆಹಾಕಿದವಳು. "ಫಾದರ್, ಸಂದರ್ಶನದಲ್ಲಿ ಎಷ್ಟು ಲೇಖನ ಬಂದಿವೆ, ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ಮಾತ್ರ ಕೇಳಿದರಂತೆ. ಈಗ ಹಿರಿಯರೊಬ್ಬರು, ನನ್ನ ಹೆಸರೂ ಸೇರಿಸು, ಬೇಗ ಅಚ್ಚಾಗುತ್ತೆ ಅಂತಿದ್ದಾರಂತೆ. ಅವರು ಒಂದು ದಿನವೂ ಇವಳ ಜೊತೆ ಹಳ್ಳಿಗೆ ಹೋದವರಲ್ಲ. ಮಗಳಿಗೆ ಏನು ಹೇಳಲಿ?"

ಈ ಲೆಕ್ಕ ಏನೆಂದು ಮೊದಲು ತಿಳಿಯೋಣ. ಒಬ್ಬರ ಲೇಖನವನ್ನು ಮತ್ತೊಬ್ಬ ಸಂಶೋಧಕರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದೊಂದು ಉಲ್ಲೇಖ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡ ಹತ್ತು ಲೇಖನಗಳಿದ್ದರೆ ಆ ಸಂಶೋಧಕರ 'ಎಚ್-ಸೂಚ್ಯಂಕ' ಹತ್ತು. ನಮ್ಮ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಅಧ್ಯಾಪಕರ ಬಡ್ತಿಗೂ ಪ್ರಕಟಿತ ಲೇಖನಗಳು ಬೇಕು.

ಲೆಕ್ಕವೇ ಕೆಟ್ಟದ್ದೆಂದು ನಾನು ಹೇಳಲಾರೆ. ಉಲ್ಲೇಖವೆಂಬುದು ಮೂಲತಃ ಕೃತಜ್ಞತೆ. "ಇದನ್ನು ನಾನು ಇವರಿಂದ ಕಲಿತೆ" ಎಂದು ಒಪ್ಪಿಕೊಳ್ಳುವುದು ಅದು. ಆದರೆ ಎಣಿಕೆ ಎಲ್ಲವನ್ನೂ ಹೇಳುತ್ತದೆಯೇ?

ಲಂಡನ್ನಿನ 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯ ಎರಡು ಲೇಖನಗಳನ್ನು ನೋಡಿ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು, ಫ್ಲೋರೈಡ್ ಹೆಚ್ಚಿರುವ ನೀರು ಕುಡಿಯುವ ಪ್ರದೇಶದಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವ ರೋಗವನ್ನು ಅದರಲ್ಲಿ ವರದಿ ಮಾಡಿದರು. ದೊಡ್ಡ ಅಣೆಕಟ್ಟುಗಳ ಆಸುಪಾಸಿನಲ್ಲಿ ಈ ರೋಗ ಏಕೆ ಎಂಬ ಚರ್ಚೆ ಮುಂದೆ ನಡೆದಾಗ ನಮ್ಮ ಹೊಸಪೇಟೆಯ ಅಣೆಕಟ್ಟಿನ ಹೆಸರೂ ಬಂತು. ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆಂದು ಅದೇ ಸಂಸ್ಥೆಯ ಸಂಶೋಧಕರು 1977ರಲ್ಲಿ ತೋರಿಸಿದರು. ಜೋಳದ ರೊಟ್ಟಿಯೇ ಆಧಾರವಾದ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಲೇಖನ 1998ರದ್ದು. ಹನ್ನೆರಡು ಮಕ್ಕಳನ್ನು ನೋಡಿ ವೇಕ್‌ಫೀಲ್ಡ್ ಎಂಬ ವೈದ್ಯರು ದಡಾರ ಲಸಿಕೆಯನ್ನು ಆಟಿಸಂಗೆ ಗಂಟುಹಾಕಿದರು. ಹೆದರಿದ ತಂದೆತಾಯಂದಿರು ಲಸಿಕೆ ಬಿಟ್ಟರು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಆದರೂ ಅದು ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ, ಬಹುಪಾಲು ಅದನ್ನು ಖಂಡಿಸುವುದಕ್ಕಾಗಿ! ಹೊಗಳಿದ್ದನ್ನೂ ತೆಗಳಿದ್ದನ್ನೂ ಎಣಿಕೆ ಒಂದೇ ರಾಶಿಗೆ ಹಾಕುತ್ತದೆ. ಇತ್ತ, ಬಾಗಿದ ಕಾಲುಗಳನ್ನು ಪರೀಕ್ಷೆಗೆ ಒಡ್ಡಿದ ಹಳ್ಳಿಯ ಬಡವರ ಹೆಸರು ಯಾವ ಉಲ್ಲೇಖದಲ್ಲೂ ಇಲ್ಲ. ಅವರಿಲ್ಲದೆ ಆ ಜ್ಞಾನವೇ ಇರುತ್ತಿರಲಿಲ್ಲ.

ತತ್ತ್ವಜ್ಞಾನಿ ಕಾಂಟ್ ಬೆಲೆಯನ್ನೂ ಘನತೆಯನ್ನೂ ಬೇರ್ಪಡಿಸಿದರು. ಬೆಲೆಯುಳ್ಳದ್ದರ ಬದಲಿಗೆ ಇನ್ನೊಂದನ್ನು ಇಡಬಹುದು, ಘನತೆಯುಳ್ಳದ್ದಕ್ಕೆ ಬದಲಿಯಿಲ್ಲ. ಸೂಚ್ಯಂಕ ಸಂಶೋಧಕಿಯ ಬೆಲೆಯನ್ನು ಸೂಚಿಸೀತು, ಅವಳ ಪ್ರಾಮಾಣಿಕತೆಯ ಘನತೆಯನ್ನಲ್ಲ.

ಹಾಗಾದರೆ ಆ ತಾಯಿ ಏನು ಹೇಳಬೇಕು? ಲೇಖನದ ಮೇಲಿನ ಹೆಸರೆಂದರೆ ಸಾಕ್ಷಿ. "ಈ ಕೆಲಸ ನಾನು ಮಾಡಿದೆ, ಇದಕ್ಕೆ ನಾನು ಹೊಣೆ" ಎಂಬ ಸಾಕ್ಷಿ. ಮಾಡದವರ ಹೆಸರು ಸೇರಿಸಿದರೆ ಅದು ಸುಳ್ಳುಸಾಕ್ಷಿ. ಅದನ್ನು ಓದಿ ಔಷಧಿ ಬರೆಯುವ ವೈದ್ಯರೂ ಅದನ್ನು ನುಂಗುವ ರೋಗಿಯೂ ಆ ಹೆಸರುಗಳನ್ನು ನಂಬುತ್ತಾರೆ. ಆದುದರಿಂದ ಮಗಳು ಒಪ್ಪಬಾರದು.

ಇಷ್ಟು ಹೇಳುವುದು ನನಗೆ ಸುಲಭ. ಆದರೆ ಹುದ್ದೆ ತಪ್ಪಿದರೆ ಕಷ್ಟ ಮಗಳಿಗೆ. ಪ್ರಿಯ ತಂದೆತಾಯಂದಿರೇ, ಇಲ್ಲಿ ಕುಟುಂಬದ ಹೊಣೆ ಆರಂಭವಾಗುತ್ತದೆ. ಒಂದನೆಯ ತರಗತಿಯಿಂದ "ಎಷ್ಟು ಅಂಕ ಬಂತು?" ಎಂದೇ ಕೇಳುತ್ತಾ ಬಂದವರು ನಾವು. ಲೆಕ್ಕದಲ್ಲಿ ಸೋತು ಮನೆಗೆ ಮರಳಿದರೆ ಮುಖವೆತ್ತಲಾಗದು ಎಂಬ ಭಯವನ್ನು ಮಕ್ಕಳಲ್ಲಿ ಬಿತ್ತಿದವರೂ ನಾವೇ. ಆ ಭಯವೇ ಮುಂದೆ ಸುಳ್ಳು ಹೆಸರಿಗೆ ಸಹಿ ಹಾಕಿಸುತ್ತದೆ.

ನಾನು ಆ ತಾಯಿಗೆ ಇಷ್ಟೇ ಹೇಳಿದೆ: "ಇಂದೇ ಫೋನ್ ಮಾಡಿ. ಕೆಲಸ ಸಿಗದೆ ಬಂದರೂ ಊಟಕ್ಕೆ ಕುಳಿತಾಗ ಈ ಮನೆಯಲ್ಲಿ ಯಾರೂ ನಿನ್ನ ಲೆಕ್ಕ ಕೇಳುವುದಿಲ್ಲ ಅಂತ ಹೇಳಿ."

ನಿಮ್ಮ ಮಕ್ಕಳಿಗೆ ಈ ಮಾತು ಹೇಳಿದ್ದೀರಾ?