ಬಾಡಿಗೆಯ ಅನ್ನ

ದುಡಿದು ಉಳಿಸಿದ ಅಲ್ಪಧನದಲ್ಲಿ ಒಂದು ಸಣ್ಣ ಮನೆಯನ್ನು ಕಟ್ಟಿಸಿಯೋ ಕೊಂಡೋ ಬಾಡಿಗೆಗೆ ಕೊಟ್ಟು, ಅದರಿಂದ ಬರುವ ಹಣವನ್ನು ಮುಪ್ಪಿನ ದಿನಗಳಿಗೆ ಆಧಾರವನ್ನಾಗಿ ಮಾಡಿಕೊಳ್ಳಬೇಕೆಂಬ ಅಪೇಕ್ಷೆಯು ನಮ್ಮ ಪಟ್ಟಣಗಳ ಮಧ್ಯಮವರ್ಗದ ಸಂಸಾರಗಳಲ್ಲಿ ಈಚೆಗೆ ಬಹಳವಾಗಿ ಕಾಣಬರುತ್ತಿದೆ. ಇದಕ್ಕೆ ಕಾರಣವನ್ನು ದುರಾಶೆಯಲ್ಲಿ ಹುಡುಕುವುದು ಅನ್ಯಾಯವಾದೀತು. 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರು ಹಿಂದಿನವರ ನಿಶ್ಚಿತವಾದ ಪಿಂಚಣಿಗೆ ಬದಲಾಗಿ ಪೇಟೆಯ ಏರಿಳಿತಕ್ಕೆ ಒಳಪಟ್ಟ ಹೊಸ ಯೋಜನೆಗೆ ಸೇರಬೇಕಾಯಿತು; ಖಾಸಗಿ ಕಂಪನಿಯಲ್ಲಿರುವವನಿಗಾದರೋ ಬರುವ ವರ್ಷ ಕೆಲಸವೇ ಇದ್ದೀತೆಂಬ ಭರವಸೆಯಿಲ್ಲ. ಇಂತಹ ಕಾಲದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ತಾನು ಕೆಳಗಿದ್ದು ಮೇಲೊಂದು ಮನೆಯನ್ನು ಎಬ್ಬಿಸಿ, ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆಯನ್ನು ತೂಗುಹಾಕುವ ಗೃಹಸ್ಥನು ಬಯಸುವುದು ಸ್ವಲ್ಪ ನಿಶ್ಚಿಂತೆಯನ್ನು ಮಾತ್ರ. ಆದರೆ ಆ ಹಲಗೆಯನ್ನು ತೂಗುಹಾಕಿದ ದಿನವೇ ಅವನು, ತಿಳಿದೋ ತಿಳಿಯದೆಯೋ, ಬಹು ಹಳೆಯದಾದ ಒಂದು ಧರ್ಮಜಿಜ್ಞಾಸೆಗೆ ಒಳಗಾಗಿರುತ್ತಾನೆ: ಮತ್ತೊಬ್ಬನು ವಾಸಮಾಡುವುದರಿಂದ ತನ್ನ ಎಲೆಗೆ ಬೀಳುವ ಅನ್ನವು ಯಾವ ನ್ಯಾಯದಿಂದ ತನ್ನದಾಗುತ್ತದೆ?

ಕನ್ನಡಿಗರಿಗೆ ಈ ಪ್ರಶ್ನೆಯು ವಿಶೇಷವಾಗಿ ತಾಗಬೇಕು. ಏಕೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮೈಮುರಿದು ಮಾಡುವ ಕಾಯಕದಿಂದ ಬಂದುದನ್ನೇ ಶುದ್ಧವಾದ ಅನ್ನವೆಂದು ಸಾರಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತರಲು, ಅವನ ಸತಿ ಲಕ್ಕಮ್ಮ ಆ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಕಳುಹಿಸಿದಳೆಂಬ ಕಥೆಯು ನಮ್ಮಲ್ಲಿ ಮನೆಮಾತಾಗಿದೆ. ಆ ತಾಯಿಯ ಮುಂದೆ ಬಾಡಿಗೆಯ ಹಣವನ್ನು ತಂದಿರಿಸಿದರೆ ಆಕೆ ಏನನ್ನುತ್ತಿದ್ದಳೋ! ಒಡೆಯನು ಮಲಗಿರುವಾಗಲೂ ಬಾಡಿಗೆ ಬೆಳೆಯುತ್ತದೆ; ಅವನು ತೀರ್ಥಯಾತ್ರೆಗೆ ಹೋಗಿದ್ದರೂ ತಿಂಗಳ ಮೊದಲ ವಾರದಲ್ಲಿ ಅದು ಅವನ ಲೆಕ್ಕಕ್ಕೆ ಜಮೆಯಾಗುತ್ತದೆ. ಮನೆಯೆಂಬುದು ಹಿಂದಿನ ದುಡಿಮೆಯೇ ರೂಪತಾಳಿ ನಿಂತುದಾದ್ದರಿಂದ ಬಾಡಿಗೆಯು ಆ ದುಡಿಮೆಯ ಫಲವೇ ಎಂಬ ಸಮಾಧಾನವುಂಟು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಹಾಕಿದ ಹಣವು ಪೂರ್ತಿಯಾಗಿ ಹಿಂದಿರುಗಿದ ಮೇಲೂ ಬಾಡಿಗೆಯು ನಿಲ್ಲುವುದಿಲ್ಲವಾದುದರಿಂದ, ಹಳೆಯ ದುಡಿಮೆಯೊಂದನ್ನೇ ಹೇಳಿ ಅದನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಮನೆಯೊಡೆಯನಿಗೆ ಇಂದಿನದಾದ, ದಿನದಿನವೂ ಸಲ್ಲಿಸತಕ್ಕ ಕಾಯಕವೊಂದು ಇರಲೇಬೇಕು.

ಆ ಕಾಯಕವು ಅನಿಶ್ಚಯದ ಭಾರವನ್ನು ಹೊರುವುದೆಂದು ನನ್ನ ತಿಳಿವಳಿಕೆ. ಬಾಡಿಗೆದಾರನು ಕೊಡುವ ಹಣದಲ್ಲಿ ಗೋಡೆ-ಸೂರುಗಳ ಬಳಕೆಗೆ ಸಲ್ಲುವುದು ಒಂದಂಶ. ಉಳಿದುದು, ಅವನು ಹೊರಲಾರದ ಭಯಗಳನ್ನು ಒಡೆಯನು ಹೊತ್ತುಕೊಂಡಿರುವುದಕ್ಕೆ ಸಲ್ಲುವ ಪ್ರತಿಫಲ. ತಾರಸಿ ಸೋರಿದರೆ, ಮೋಟಾರು ಸುಟ್ಟುಹೋದರೆ, ಖಾತೆಯಲ್ಲಿ ತೊಡಕು ಕಾಣಿಸಿಕೊಂಡರೆ, ನಿವೇಶನದ ಬೆಲೆಯೇ ಕುಸಿದರೆ, ಬಾಡಿಗೆಯ ಮನೆಯಲ್ಲಿರುವವನ ನಿದ್ರೆ ಕೆಡಬೇಕಾಗಿಲ್ಲ. 2020ರ ಮೇ ತಿಂಗಳಿನಲ್ಲಿ ನೂರಕ್ಕೆ 4ಕ್ಕೆ ಇಳಿದಿದ್ದ ರಿಸರ್ವ್ ಬ್ಯಾಂಕಿನ ರೆಪೊ ದರವು 2023ರ ಫೆಬ್ರವರಿಯ ಹೊತ್ತಿಗೆ ಆರೂವರೆಗೆ ಏರಿ, ಆ ದರವನ್ನು ಅನುಸರಿಸಿ ಬಡ್ಡಿ ಬದಲಾಗುವ ಗೃಹಸಾಲವನ್ನು ಪಡೆದಿದ್ದವರಿಗೆಲ್ಲ ಕಂತಿನ ಮೊತ್ತವಾಗಲಿ ಕಂತಿನ ಅವಧಿಯಾಗಲಿ ಬೆಳೆದಾಗ, ಕರಾರಿನಂತೆ ಹಳೆಯ ಬಾಡಿಗೆಯನ್ನೇ ಕೊಡುತ್ತಿದ್ದ ಸಂಸಾರವನ್ನು ಆ ಬಿಸಿಲಿನಿಂದ ಮರೆಮಾಡಿದ್ದವನು ಮನೆಯ ಒಡೆಯ. ಅದು ಅವನು ಅರಿಯದೆಯೇ ಮಾಡಿದ ಕಾಯಕ. ಆದರೆ ಅವನೇ, ಬಡ್ಡಿ ಏರಿದ ತಿಂಗಳಿನಲ್ಲಿಯೇ ಬಾಡಿಗೆಯನ್ನು ಏರಿಸಿ, ರಿಪೇರಿಯನ್ನು ಬಾಡಿಗೆದಾರನ ತಲೆಗೆ ಕಟ್ಟಿ, ಬೇಕೆಂದಾಗ ಎಬ್ಬಿಸುವ ಹಕ್ಕನ್ನೂ ತನ್ನಲ್ಲಿರಿಸಿಕೊಂಡು, ತನ್ನ ಅನಿಶ್ಚಯವನ್ನೆಲ್ಲ ಬಾಡಿಗೆದಾರನ ಮೇಲೆಯೇ ಇಳಿಸಿಬಿಟ್ಟನೆಂದರೆ, ಆಗ ಅವನು ಹೊತ್ತಿರುವುದಾದರೂ ಏನು? ಪ್ರತಿಫಲವನ್ನು ಯಾವುದಕ್ಕಾಗಿ ತೆಗೆದುಕೊಳ್ಳುತ್ತಾನೆ?

ಇದರ ಪರೀಕ್ಷೆಯು 2020ರಲ್ಲಿ, ಕೊರೋನಾ ಕಾಲದಲ್ಲಿ, ಇಡೀ ದೇಶಕ್ಕೆ ಏಕಕಾಲದಲ್ಲಿ ಒದಗಿತು. ವಲಸೆ ಕಾರ್ಮಿಕರೇ ಮೊದಲಾದ ಕೆಲಸಗಾರರಿಂದ ಒಂದು ತಿಂಗಳ ಕಾಲ ಬಾಡಿಗೆಯನ್ನು ಕೇಳಕೂಡದೆಂದು ಮಾರ್ಚ್ 29ರಂದು ಕೇಂದ್ರ ಗೃಹ ಮಂತ್ರಾಲಯವು ಆಜ್ಞೆ ಹೊರಡಿಸಿತು. ಬೆಂಗಳೂರಿನ ಪಿ.ಜಿ.ಗಳು ಬರಿದಾದುವು, ಬೀದಿಬೀದಿಯಲ್ಲಿಯೂ ಟು-ಲೆಟ್ ಹಲಗೆಗಳು ನೇತಾಡಿದುವು. ಅತ್ತ ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಸಾಲದ ಕಂತನ್ನು ಮುಂದೂಡಿಕೊಳ್ಳಲು ಅವಕಾಶವಿತ್ತಿತಾದರೂ ಬಡ್ಡಿಯು ಬೆಳೆಯುತ್ತಲೇ ಇದ್ದಿತಾಗಿ, ಸಾಲಮಾಡಿ ಒಂದೇ ಒಂದು ಮನೆಯನ್ನು ಕಟ್ಟಿಸಿದ್ದವನು ಎರಡು ಕಡೆಯ ಒತ್ತಡಕ್ಕೂ ಸಿಕ್ಕಿಕೊಂಡನು. ತನಗೂ ಹೊಟ್ಟೆಯಿದೆಯೆಂದು ಅವನು ಹೇಳಿದುದು ಸುಳ್ಳಲ್ಲ. ಆದರೂ ವಿಪತ್ತು ಇಬ್ಬರಿಗೂ ಬಂದಿರುವಾಗ ಅದರ ದೊಡ್ಡ ಪಾಲು ಒಡೆಯನಿಗೇ ಸೇರತಕ್ಕದ್ದೆಂದು ನಾನು ಹೇಳುವುದಕ್ಕೆ ಕಾರಣವಿದೆ: ವಿಪತ್ತು ಕಳೆದ ಮೇಲೆ ಮನೆಯು ಒಡೆಯನಲ್ಲಿಯೇ ಉಳಿಯುತ್ತದೆ, ಸಂಬಳವಿಲ್ಲದೆ ಕಳೆದ ತಿಂಗಳುಗಳು ಬಾಡಿಗೆದಾರನಿಗೆ ಮರಳಿ ಬರುವುದಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವ ಕರ್ಮಕ್ಕೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸುತ್ತದೆ. ಮನೆ ಕಟ್ಟಲು ಹೊರಟ ಗೃಹಸ್ಥನು ನಿವೇಶನ, ತಾನು, ಹಣ, ದುಡಿಮೆ ಎಂಬ ನಾಲ್ಕರ ಲೆಕ್ಕವನ್ನು ಕಾಗದದ ಮೇಲೆ ಹಾಕಿ, ಐದನೆಯದಕ್ಕೆ ಜಾಗವನ್ನೇ ಬಿಟ್ಟಿರುವುದಿಲ್ಲ. ಅದು ಬಂದು ಬಾಗಿಲಲ್ಲಿ ನಿಂತಾಗ ಮಾತ್ರ ಅದರ ಖರ್ಚನ್ನು ಬಾಡಿಗೆದಾರನು ಕೊಡಬೇಕೆನ್ನುತ್ತಾನೆ.

ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಬೆಂಗಳೂರಿನ ಹೊರಬಡಾವಣೆಯೊಂದರಲ್ಲಿ ಇರುತ್ತಾರೆ; ಮೇಲಿನ ಮನೆಯನ್ನು ಹಸುಗೂಸಿರುವ ಒಂದು ದಂಪತಿಗೆ ಕೊಟ್ಟಿದ್ದರು. 2024ರ ಬೇಸಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರಿನವರು ಕೇಳಿದ್ದೇ ಬೆಲೆಯಾಗಿ, ಕೊನೆಗೆ ಜಿಲ್ಲಾಡಳಿತವೇ ದರವನ್ನು ಗೊತ್ತುಪಡಿಸಬೇಕಾಗಿ ಬಂದ ಆ ದಿನಗಳಲ್ಲಿ, ಅವರು ನಸುಕಿನಲ್ಲಿ ಎದ್ದು ಸಂಪಿನ ಕಬ್ಬಿಣದ ಮುಚ್ಚಳವನ್ನು ಎತ್ತಿ, ಬಿದಿರಿನ ಕೋಲೊಂದನ್ನು ಇಳಿಬಿಟ್ಟು, ಒದ್ದೆಯಾದ ಗುರುತನ್ನು ಗೇಣಿನಿಂದ ಅಳೆದು, ಮೇಲಿನ ಮನೆಯ ಟ್ಯಾಂಕಿನ ವಾಲ್ವನ್ನು ಮೊದಲು ತಿರುಗಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ತಮ್ಮ ಮನೆಗೆ ಉಳಿದುದು. "ಟ್ಯಾಂಕರ್ ದುಡ್ಡು ಅವರ ಹತ್ರ ಕೇಳೋದಿಲ್ವೇ ಮೇಷ್ಟ್ರೇ?" ಎಂದು ಪಕ್ಕದ ಮನೆಯವರು ಕೇಳಿದಾಗ, "ಬರೀ ಗೋಡೆಗೆ ಬಾಡಿಗೆ ತಗೊಂಡಿಲ್ಲಪ್ಪ, ನೀರಿಗೂ ಸೇರಿಸಿಯೇ ತಗೊಂಡಿರೋದು" ಎಂದರು. ಅವರು ಶಾಸ್ತ್ರಜ್ಞರಲ್ಲ, ಆದರೆ ಬಾಡಿಗೆಯ ಧರ್ಮವನ್ನು ಇದಕ್ಕಿಂತ ನೇರವಾಗಿ ಹೇಳಿದವರನ್ನು ನಾನು ಕಾಣೆ.

ಶಾಸ್ತ್ರವಾದರೂ ಈ ವಿಷಯದಲ್ಲಿ ಮೌನವಾಗಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, ಅವರ ಪರಿಶ್ರಮದಿಂದ 1909ರಲ್ಲಿ ಅಚ್ಚಾಗಿ ಲೋಕದ ಬೆಳಕನ್ನು ಕಂಡ ಕೌಟಿಲ್ಯನ ಅರ್ಥಶಾಸ್ತ್ರವು, ತನ್ನ ಮೂರನೆಯ ಅಧಿಕರಣದಲ್ಲಿ, ಬಾಡಿಗೆಗಿರುವವನನ್ನು ಹೊರದೂಡುವ ಒಡೆಯನಿಗೆ ದಂಡವನ್ನು ವಿಧಿಸುತ್ತದೆ. ಬೈಗುಳ, ಕಳವು, ಬಲಾತ್ಕಾರ, ಅಕ್ರಮವಾದ ಉಪಭೋಗ ಮುಂತಾದ ದೋಷಗಳು ಕಂಡಾಗ ಮಾತ್ರ ಒಡೆಯನಿಗೆ ವಿನಾಯಿತಿ. ತಾನಾಗಿ ಎದ್ದುಹೋಗುವ ಬಾಡಿಗೆದಾರನು ವರ್ಷದ ಉಳಿದ ಬಾಡಿಗೆಯನ್ನು ತೆರತಕ್ಕದ್ದೆಂದೂ ಅಲ್ಲಿಯೇ ಹೇಳಿದೆ. ಇಬ್ಬರಿಗೂ ಒಂದು ವರ್ಷದ ಸ್ಥಿರತೆಯನ್ನು ಕಲ್ಪಿಸುವುದೇ ಅದರ ತಾತ್ಪರ್ಯ. ನಾವಾದರೋ, ಒಂದು ವರ್ಷವನ್ನು ಮೀರಿದ ಭೋಗ್ಯಪತ್ರವನ್ನು ನೋಂದಾಯಿಸಬೇಕೆಂಬ 1908ರ ಕಾಯಿದೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಹನ್ನೊಂದು ತಿಂಗಳ ಕರಾರನ್ನು ರೂಢಿಗೆ ತಂದುಕೊಂಡು, ಅದೇ ಲೋಕಸಹಜವೆಂಬಂತೆ ನಡೆಯುತ್ತಿದ್ದೇವೆ.

ಇನ್ನು ಅಡ್ವಾನ್ಸಿನ ಮಾತು. ಸಣ್ಣ ಒಡೆಯನ ಮನಸ್ಸು ಮೊದಲು ಜಾರುವುದು ಇಲ್ಲಿಯೇ ಆದುದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳನ್ನು ಮಾತ್ರ ಒಪ್ಪುತ್ತದೆ. ಕೈಗೆ ಬಂದ ಆ ಮೊತ್ತವನ್ನು ಒಡೆಯನು ಹೊಸ ಮನೆಯ ಗಾರೆಗೋ, ಮಗಳ ಮದುವೆಗೋ ಬಳಸಿ, ಹಳೆಯ ಬಾಡಿಗೆದಾರನು ಮನೆ ಖಾಲಿಮಾಡುವ ದಿನ, ಹೊಸಬನು ಬಂದು ಕೊಡುವವರೆಗೆ ಕಾಯಿರೆಂದು ಹೇಳುತ್ತಾನೆ; ಆ ಸಂಸಾರವು ಲಾರಿಗೆ ಸಾಮಾನನ್ನು ಏರಿಸಿ, ಮುಂದಿನ ಮನೆಗೆ ಕೊಡಲು ಹಣವಿಲ್ಲದೆ ಬೀದಿಯಲ್ಲಿ ನಿಂತಿರುತ್ತದೆ. ಈ ನಡತೆಯ ಬಗೆಗೂ ಶಾಸ್ತ್ರದ ಮಾತುಂಟು. ಕಲ್ಯಾಣದಲ್ಲಿಯೇ, ಶರಣರಿಗಿಂತ ಮುಂಚೆ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದುದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯ ಪ್ರಕಾರ, ನಂಬಿ ಇರಿಸಿದ ನಿಕ್ಷೇಪವನ್ನು ಸ್ವೇಚ್ಛೆಯಿಂದ ಬಳಸಿಕೊಂಡವನು ದಂಡಾರ್ಹನು. ಅವನು ಅದನ್ನು ವೃದ್ಧಿಸಹಿತವಾಗಿ ಹಿಂದಿರುಗಿಸಬೇಕು. ಅಡ್ವಾನ್ಸು ಶಾಸ್ತ್ರೋಕ್ತವಾದ ನಿಕ್ಷೇಪವೇ ಹೌದೋ ಅಲ್ಲವೋ ಎಂಬುದನ್ನು ವಕೀಲರು ವಾದಿಸಲಿ. ಆದರೆ ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರವು ನಿಷೇಧಿಸುವ ಪರಧನದ ಆಸೆಗೆ ಇದಕ್ಕಿಂತ ಹತ್ತಿರದ ನಿದರ್ಶನವು ನಮ್ಮ ನಿತ್ಯಜೀವನದಲ್ಲಿ ದೊರೆಯುವುದು ಕಷ್ಟ.

ಯಾರಿಗೆ ಮನೆ ಕೊಡಬೇಕೆಂಬುದರಲ್ಲಿಯೂ ಇದೇ ಧರ್ಮವು ಅನ್ವಯಿಸುತ್ತದೆ. 1917ರಲ್ಲಿ, ವಿದೇಶದಲ್ಲಿ ಉನ್ನತ ವ್ಯಾಸಂಗವನ್ನು ಮಾಡಿ ಬಂದಿದ್ದ ಅಂಬೇಡ್ಕರರು ಬರೋಡಾ ಸಂಸ್ಥಾನದ ಸೇವೆಗೆಂದು ಹೋದಾಗ, ಇರಲು ಮನೆ ಸಿಕ್ಕದೆ, ಪಾರಸಿಗಳ ವಸತಿಗೃಹವೊಂದರಲ್ಲಿ ಜಾತಿಯನ್ನು ಮರೆಸಿ ಇರಬೇಕಾಯಿತು. ಗುಟ್ಟು ತಿಳಿದು ದೊಣ್ಣೆ ಹಿಡಿದವರು ಬಂದ ಮೇಲೆ ಅಲ್ಲಿಂದಲೂ ಹೊರಡಬೇಕಾಯಿತು. ಇಂದು ಹಾಗೆ ದೊಣ್ಣೆ ಹಿಡಿದು ಬರುವವರು ಕಡಿಮೆ, ಅದಕ್ಕೆ ಬದಲಾಗಿ "ತಮ್ಮ ಊಟ-ಗೀಟ ಹೇಗೆ? ತಮ್ಮದು ಯಾವ ಕಡೆ?" ಎಂಬ ಮೃದುವಾದ ವಿಚಾರಣೆಯು ಗೇಟಿನ ಬಳಿಯಲ್ಲಿಯೇ ನಡೆದು, ಮನೆ ಆಗಲೇ ಬೇರೆಯವರಿಗೆ ಹೋಗಿದೆಯೆಂಬ ಸುಳ್ಳಿನಲ್ಲಿ ಮುಗಿಯುತ್ತದೆ. ಹಲಗೆ ಮಾತ್ರ ಮರುದಿನವೂ ಅಲ್ಲಿಯೇ ಇರುತ್ತದೆ. ಹೊಸದಾಗಿ ಒಡೆಯನಾದವನು ಇದನ್ನು ತನ್ನ ಹಣದ ಭದ್ರತೆಯೆಂದು ಭಾವಿಸುವುದುಂಟು. ಬಾಡಿಗೆ ಕೊಡಲು ಶಕ್ತಿಯಿದೆಯೇ, ಹಿಂದಿನ ಮನೆಯಲ್ಲಿ ಹೇಗಿದ್ದರು ಎಂದು ವಿಚಾರಿಸುವುದು ವಿವೇಕ. ಹುಟ್ಟನ್ನು ವಿಚಾರಿಸಿ ಹಿಂದಕ್ಕೆ ಕಳುಹಿಸುವುದು ಪಾಪ. ಈ ಮಾತನ್ನು ಮೆತ್ತಗೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ.

ಇಷ್ಟನ್ನೆಲ್ಲ ಹೊತ್ತರೆ ಉಳಿಯುವುದೇನೆಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯೂ ಗೌರವಕ್ಕೆ ಅರ್ಹವಾದುದೇ. ಬೆಂಗಳೂರಿನ ಫ್ಲಾಟೊಂದರ ವರ್ಷದ ಬಾಡಿಗೆಯು ಅದರ ಬೆಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರು-ನಾಲ್ಕರಷ್ಟು. ತೆರಿಗೆ, ರಿಪೇರಿ, ಖಾಲಿಬಿದ್ದ ತಿಂಗಳು ಇವನ್ನು ಕಳೆದರೆ ಬ್ಯಾಂಕಿನ ಠೇವಣಿಯ ಬಡ್ಡಿಯಷ್ಟೂ ಆಗುವುದಿಲ್ಲ. ನೆಲದ ಬೆಲೆ ಏರುವುದನ್ನೇ ನೆಚ್ಚಿದವನು ಬಾಡಿಗೆಯ ಮಾರ್ಗದಲ್ಲಿ ಇಲ್ಲವೇ ಇಲ್ಲ. ಬಾಡಿಗೆದಾರನು ಅವನಿಗೆ ಕಾವಲುಗಾರನಿದ್ದಂತೆ. ಈ ಮಾರ್ಗವನ್ನೇ ಹಿಡಿಯಬೇಕೆನ್ನುವವನು, ಬಾಡಿಗೆ ಒಂದು ಕಾಸೂ ಬಾರದಿದ್ದರೂ ಸಂಬಳದಿಂದಲೇ ಕಂತನ್ನು ಕಟ್ಟಬಲ್ಲಷ್ಟು ಸಾಲವನ್ನು ಮಾತ್ರ ಮಾಡಬೇಕು. ಅಡ್ವಾನ್ಸನ್ನು ಬೇರೆಯ ಠೇವಣಿಯಲ್ಲಿ ಇರಿಸಿ, ಅದು ತನ್ನದಲ್ಲವೆಂದು ಮನೆಯವರಿಗೆಲ್ಲ ತಿಳಿಸಿರಬೇಕು. ವರ್ಷಕ್ಕೆ ಎರಡು ತಿಂಗಳ ಬಾಡಿಗೆಯನ್ನು ದೈವವೆಂಬ ಆ ಐದನೆಯ ಕಾರಣಕ್ಕೆಂದು ತೆಗೆದಿಡಬೇಕು. ಮೊದಲು ಒಂದೇ ಮನೆ ಸಾಕು. ಒಂದು ಬೇಸಗೆ, ಒಂದು ಮಳೆಗಾಲ, ಒಬ್ಬ ಬಾಡಿಗೆದಾರನು ಹೋಗಿ ಮತ್ತೊಬ್ಬನು ಬರುವವರೆಗಿನ ಖಾಲಿಯ ದಿನಗಳು ಇಷ್ಟನ್ನೂ ಕಂಡ ಬಳಿಕ ಲೆಕ್ಕದ ಪುಸ್ತಕದಲ್ಲಿ, ಬಂದ ಬಾಡಿಗೆಯ ಎದುರಿನ ಪುಟದಲ್ಲಿ, ಹೇಳಿ ಎಷ್ಟು ದಿನವಾದರೂ ದುರಸ್ತಿಯಾಗದ ನಲ್ಲಿ, ನೀರಿಲ್ಲದೆ ಹೋದ ಬೆಳಗು, ತಡವಾಗಿ ಹಿಂದಿರುಗಿಸಿದ ಹಣ, ಇವನ್ನೂ ತಾರೀಖಿನ ಸಮೇತ ಬರೆಯತಕ್ಕದ್ದು. ಎರಡನೆಯ ಮನೆಗೆ ಸಾಲದ ಅರ್ಜಿಯನ್ನು ಹಾಕುವ ಮೊದಲು, ಬ್ಯಾಂಕಿನವರು ಕೇಳುವ ಪತ್ರಗಳನ್ನೆಲ್ಲ ಜೋಡಿಸಿಟ್ಟುಕೊಂಡು, ಆ ಪುಟವನ್ನು ತಾನೊಮ್ಮೆ ಪೂರ್ತಿಯಾಗಿ ಓದತಕ್ಕದ್ದು.