ಸಾಕುಪ್ರಾಣಿಗಳ ವ್ಯಾಜ್ಯವೂ ಸಂಧಾನಧರ್ಮವೂ

ಭೂಮಿಗಾಗಿ, ಹಣಕ್ಕಾಗಿ, ಅಧಿಕಾರಕ್ಕಾಗಿ ಮನುಷ್ಯರು ಕಾದಾಡುವುದನ್ನು ಲೋಕವು ಗಂಭೀರವಾಗಿ ಎಣಿಸುವುದು. ಒಂದು ನಾಯಿಗಾಗಿಯೋ ಬೆಕ್ಕಿಗಾಗಿಯೋ ಇಬ್ಬರು ನೆರೆಹೊರೆಯವರು ಮಾತು ಬಿಟ್ಟರೆಂದು ಕೇಳಿದರೆ ಅದೇ ಲೋಕವು ನಗುವುದು. ಆದರೆ ವ್ಯಾಜ್ಯದ ತೂಕವನ್ನು ವಸ್ತುವಿನ ಬೆಲೆಯಿಂದ ಅಳೆಯುವುದು ಯುಕ್ತವಲ್ಲ. ಹೊಲದ ಬದುವಿನ ಜಗಳದಲ್ಲಿ ಸೋತವನಿಗೆ ಬೇರೊಂದು ಹೊಲವನ್ನು ಕೊಳ್ಳುವ ಆಸೆಯಾದರೂ ಉಂಟು. ಹತ್ತು ವರ್ಷ ಬಾಗಿಲಲ್ಲಿ ಕಾದು ಕುಳಿತಿರುತ್ತಿದ್ದ ಪ್ರಾಣಿಯನ್ನು ಕಳೆದುಕೊಂಡವನಿಗೆ ಅದೇ ಜಾತಿಯ ಮತ್ತೊಂದನ್ನು ತಂದುಕೊಟ್ಟರೆ ಸಮಾಧಾನವಾಗದು. ಆದುದರಿಂದ ಇಂತಹ ವ್ಯಾಜ್ಯಗಳು ಯಾವ ಬಗೆಯಿಂದ ತೀರಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆಯೇ ಸರಿ.

ಪ್ರಾಣಿಗಳ ನಿಮಿತ್ತವಾಗಿ ಹುಟ್ಟುವ ವಿವಾದಗಳು ಭಾರತಕ್ಕೆ ಹೊಸವಲ್ಲ. ಧರ್ಮಶಾಸ್ತ್ರಕಾರರು ಎಣಿಸಿದ 18 ವ್ಯವಹಾರಪದಗಳಲ್ಲಿ ಸ್ವಾಮಿಪಾಲವಿವಾದವೆಂಬುದೂ ಒಂದು. ದನಗಳ ಒಡೆಯನಿಗೂ ಅವನ್ನು ಕಾಯುವ ಗೋವಳನಿಗೂ ನಡೆಯುವ ತಕರಾರೇ ಅದು. ಹಗಲಿನಲ್ಲಿ ದನಗಳ ಹೊಣೆ ಗೋವಳನದು, ರಾತ್ರಿ ಅವು ಒಡೆಯನ ಮನೆಯನ್ನು ಸೇರಿದ ಮೇಲೆ ಹೊಣೆ ಒಡೆಯನದು ಎಂದು ಮನುಸ್ಮೃತಿಯು ವಿಭಾಗಿಸಿತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರವ್ಯಾಖ್ಯಾನದಲ್ಲಿಯೂ ಈ ಪ್ರಕರಣವುಂಟು. ಅರಸನು ನಿಯಮಿಸಿದ ಸಭೆಯಲ್ಲದೆ ಪೂಗ, ಶ್ರೇಣಿ, ಕುಲಗಳೆಂಬ ಜನರ ಸಭೆಗಳೂ ವ್ಯವಹಾರವನ್ನು ನೋಡಬಹುದೆಂದು ಆ ಸ್ಮೃತಿಯು ಒಪ್ಪಿತ್ತು.

ದನವು ಹಾಲು ಕೊಡುವುದು, ಉಳುವುದು; ಅದರ ನಷ್ಟವನ್ನು ಲೆಕ್ಕ ಹಾಕಬಹುದು. ಆದುದರಿಂದ ಅಲ್ಲಿ ನಿಯಮವು ಸಾಕಾಯಿತು. ಹಾಲನ್ನೂ ಕೊಡದೆ, ನೊಗವನ್ನೂ ಹೊರದೆ, ಕೇವಲ ಒಡನಾಡಿಯಾಗಿರುವ ಪ್ರಾಣಿಯ ವಿಷಯದಲ್ಲಿ ಹಾಗಲ್ಲ. ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಗೃಹಸ್ಥನೊಬ್ಬನು ದೂರದ ಊರಿಗೆ ವರ್ಗವಾಗಿ ಹೋಗುವಾಗ ತನ್ನ ನಾಯಿಯನ್ನು ಆರು ತಿಂಗಳ ಮಟ್ಟಿಗೆ ನೆರೆಮನೆಯಲ್ಲಿ ಬಿಟ್ಟನು. ಆರು ತಿಂಗಳು ಮೂರು ವರ್ಷವಾಯಿತು. ನೆರೆಯವನು ಅದಕ್ಕೆ ಅನ್ನವಿಕ್ಕಿದನು. ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಎದ್ದು ಉಪಚರಿಸಿದನು. ಅವನ ಮಗಳು ಅದರೊಡನೆ ಆಡಿ ಬೆಳೆದಳು. ಈಗ ಮೊದಲಿನವನು ಹಿಂದಿರುಗಿ ನಾಯಿಯನ್ನು ಕೇಳುವನು. "ಮರಿಯಾಗಿದ್ದಾಗಿನಿಂದ ಸಾಕಿದವನು ನಾನು" ಎಂದು ಇವನು; "ಇಂದಿನವರೆಗೆ ಉಳಿಸಿಕೊಂಡವನು ನಾನು" ಎಂದು ಅವನು. ಇಬ್ಬರ ಮಾತೂ ನಿಜವೇ.

ನ್ಯಾಯಾಸ್ಥಾನದ ಮುಂದೆ ಈ ವ್ಯಾಜ್ಯವು ಹೋದರೆ ಅದು ಕೇಳುವ ಮೊದಲನೆಯ ಪ್ರಶ್ನೆ, ಪ್ರಾಣಿಯು ಯಾರ ಸ್ವತ್ತು ಎಂಬುದು. ಆ ಪ್ರಶ್ನೆಯನ್ನು ಜಾಣತನದಿಂದ ಬಿಡಿಸಿದ ಕಥೆಗಳು ಹಿಂದಿನಿಂದಲೂ ಉಂಟು. ಜಾತಕದ ಮಹೋಸಧನ ಮುಂದೆ ಎತ್ತುಗಳ ಒಡೆಯನೂ ಕಳ್ಳನೂ ನಿಂತಾಗ, ಅವಕ್ಕೆ ಏನು ತಿನ್ನಿಸಿದಿರೆಂದು ಅವನು ಇಬ್ಬರನ್ನೂ ಕೇಳಿ, ಎತ್ತುಗಳಿಗೆ ವಾಂತಿ ಮಾಡಿಸಿ ಹುಲ್ಲನ್ನು ಕಂಡು, ಹುಲ್ಲು ತಿನ್ನಿಸಿದೆನೆಂದವನೇ ಒಡೆಯನೆಂದು ನಿಶ್ಚಯಿಸಿದನು. ಸಿದ್ಧಾರ್ಥ ದೇವದತ್ತರ ಹಂಸದ ಕಥೆಯು ಇನ್ನೂ ಪ್ರಸಿದ್ಧವಾದುದು. ಬಾಣ ಬಿಟ್ಟವನಿಗಿಂತ ಪ್ರಾಣ ಉಳಿಸಿದವನಿಗೇ ಹಕ್ಕು ಹೆಚ್ಚೆಂದು ಅಲ್ಲಿ ತೀರ್ಪಾಯಿತು. ತೀರ್ಪು ಧರ್ಮವಾದುದೇ. ಆದರೆ ಅದು ಹಂಸವನ್ನು ಉಳಿಸಿತಲ್ಲದೆ ದಾಯಾದಿಗಳ ಮನಸ್ಸನ್ನು ಕೂಡಿಸಲಿಲ್ಲ. ದೇವದತ್ತನ ದ್ವೇಷವು ಮುಂದೆಯೂ ಬೆಳೆಯಿತೆಂದೇ ಪರಂಪರೆಯು ಹೇಳುವುದು. ಒಬ್ಬನು ಕಳ್ಳನಾದಾಗ ಅಥವಾ ಕೊಲ್ಲಬಂದವನಾದಾಗ ತೀರ್ಪೇ ಬೇಕು. ನಾಯಿಯ ವ್ಯಾಜ್ಯದಲ್ಲಿಯಂತೆ ಇಬ್ಬರೂ ಪ್ರೀತಿಸಿದವರಾದಾಗ, ತೀರ್ಪಿನ ಮರುದಿನವೂ ಒಂದೇ ಬೀದಿಯಲ್ಲಿ ಬಾಳಬೇಕಾದವರಾದಾಗ, ತೀರ್ಪು ಅರ್ಧ ಕೆಲಸವನ್ನು ಮಾತ್ರ ಮಾಡುವುದು.

ಉಳಿದರ್ಧವು ಸಂಧಾನದ ಪಾಲಿನದು. ಸಂಧಾನವೆಂದರೆ ಪಂಚಾಯಿತಿಯಲ್ಲ. ಪಂಚರು ಕೇಳಿ, ತೂಗಿ, ತಾವೇ ನಿರ್ಣಯಿಸುವರು. ಮಧ್ಯಸ್ಥನು ನಿರ್ಣಯಿಸುವುದಿಲ್ಲ. ಒಬ್ಬನು ಹೇಳುವಾಗ ಮತ್ತೊಬ್ಬನು ನಡುವೆ ಬಾಯಿ ಹಾಕದಂತೆ ನೋಡುವನು. ಕೇಳಿದುದನ್ನು ಬೈಗುಳ ತೆಗೆದು ತಿರುಗಿ ಹೇಳುವನು. ಬೇಕಾದಾಗ ಒಬ್ಬೊಬ್ಬರೊಡನೆ ಏಕಾಂತದಲ್ಲಿ ಮಾತನಾಡಿ ಅದನ್ನು ಗುಟ್ಟಾಗಿ ಇಡುವನು. ಒಪ್ಪುವುದೂ ಬಿಡುವುದೂ ವ್ಯಾಜ್ಯಗಾರರ ಕೈಯಲ್ಲಿಯೇ ಇರುವುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 1999ರ ತಿದ್ದುಪಡಿಯ ಮೂಲಕ ಹೊಸ ರೂಪದಲ್ಲಿ 2002ರಲ್ಲಿ ಜಾರಿಗೆ ಬಂದು ಇದಕ್ಕೆ ದಾರಿ ತೆರೆಯಿತು. 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು. 2023ರ ಮಧ್ಯಸ್ಥಿಕೆ ಅಧಿನಿಯಮವು ನೆರೆಹೊರೆಯ ಶಾಂತಿಯನ್ನು ಕೆಡಿಸುವ ವಿವಾದಗಳಿಗಾಗಿ ಸಮುದಾಯ ಮಧ್ಯಸ್ಥಿಕೆಯೆಂಬ ಒಂದು ಅಧ್ಯಾಯವನ್ನೇ ಬರೆಯಿತು. ಅದರಲ್ಲಿ ಒಂದು ಮಾತು ಗಮನಾರ್ಹವಾಗಿದೆ. ಹಾಗೆ ಆದ ಒಪ್ಪಂದಕ್ಕೆ ನ್ಯಾಯಾಸ್ಥಾನದ ಡಿಕ್ರಿಯ ಬಲವಿಲ್ಲ. ಕೆಲವರಿಗೆ ಇದು ಕೊರತೆಯಾಗಿ ತೋರಬಹುದು. ಆದರೆ ಅಮೀನನ ಭಯವಿಲ್ಲದೆ ನಿಲ್ಲಬೇಕಾದ ಒಪ್ಪಂದವು ಒಪ್ಪಿದವರ ಮನಸ್ಸಿನಲ್ಲಿಯೇ ಬೇರೂರಬೇಕು. ಇನ್ನೆಲ್ಲಿಯೂ ಅದಕ್ಕೆ ನೆಲೆಯಿಲ್ಲ.

ಸಂಧಾನದ ಗುಣವು ಪ್ರಶ್ನೆಯನ್ನು ಬದಲಾಯಿಸುವುದರಲ್ಲಿದೆ. ರಾತ್ರಿಯೆಲ್ಲ ಬೊಗಳುವ ನಾಯಿಯನ್ನು ಕುರಿತು ನೆರೆಯವನು ದೂರುವನೆನ್ನೋಣ. "ನಾಯಿಯನ್ನು ತೆಗೆದುಹಾಕು" ಎಂಬುದು ಅವನ ಹಟ. "ತೆಗೆಯೆನು" ಎಂಬುದು ಒಡತಿಯ ಹಟ. ಹಟದ ಹಿಂದಿನ ಕಾರಣವನ್ನು ವಿಚಾರಿಸಿದರೆ, ಅವನ ಮಗನಿಗೆ ಪರೀಕ್ಷೆ ಹತ್ತಿರವಿರುವುದು. ಒಂಟಿಯಾದ ಆ ವೃದ್ಧೆಗೆ ನಾಯಿಯಲ್ಲದೆ ಬೇರೆ ಕಾವಲಿಲ್ಲ. ನಾಯಿಯು ಬೊಗಳುವುದೇಕೆ? ಹಗಲೆಲ್ಲ ಸರಪಣಿಯಲ್ಲಿ ಬಿದ್ದಿದ್ದ ಪ್ರಾಣಿಯು ರಾತ್ರಿ ತನ್ನ ಬೇಸರವನ್ನು ಕೂಗಿ ಹೇಳುತ್ತಿರಬಹುದು. ಆ ಹುಡುಗನೇ ಸಂಜೆ ಅದನ್ನು ತಿರುಗಾಡಿಸಿಕೊಂಡು ಬರಲಿ, ರಾತ್ರಿ ಅದು ಹಿತ್ತಲಿಗೆ ಬದಲು ಒಳಗೆ ಮಲಗಲಿ ಎಂಬ ಒಪ್ಪಂದವು ಯಾವ ತೀರ್ಪಿನಲ್ಲಿಯೂ ಬರಲಾರದು. ಅಲ್ಲಿ ಮೂವರಿಗೂ ಹಿತವುಂಟು.

ಮೂವರಿಗೂ ಎಂಬಲ್ಲಿಯೇ ಈ ವಿಷಯದ ತೊಡಕೂ ಇದೆ. ಮನುಷ್ಯರಿಬ್ಬರ ಹಿತವೂ ಪ್ರಾಣಿಯ ಹಿತವೂ ಯಾವಾಗಲೂ ಕೂಡಿ ಬರುವುದಿಲ್ಲ. ಊರು ಬಿಟ್ಟು ಹಿಂದಿರುಗಿದವನೂ ಸಾಕಿಕೊಂಡವನೂ "ತಿಂಗಳಿಗೊಬ್ಬರಂತೆ ಇಟ್ಟುಕೊಳ್ಳೋಣ" ಎಂದು ಸುಲಭವಾಗಿ ಒಪ್ಪಬಹುದು. ಇಬ್ಬರೂ ನಗುತ್ತ ಎದ್ದು ಹೋಗಬಹುದು. ಮುದಿ ನಾಯಿಯು ಮಾತ್ರ ತಿಂಗಳಿಗೊಮ್ಮೆ ಮನೆ ಕಳೆದುಕೊಳ್ಳುವುದು. ಸಂಧಾನವು ಎಲ್ಲರ ಒಪ್ಪಿಗೆಯಿಂದ ನಡೆಯುವುದೆಂಬ ಹೆಮ್ಮೆಯು ಇಲ್ಲಿ ಕುಂದುವುದು. ಒಪ್ಪಲೂ ನಿರಾಕರಿಸಲೂ ಬಾಯಿಲ್ಲದವನೊಬ್ಬನು ಆ ಒಪ್ಪಂದದ ಭಾರವನ್ನು ಹೊರುವನು. ಈ ಕೊರತೆಯನ್ನು ಕಂಡೇ ಅಮೆರಿಕದ ಅಲಾಸ್ಕಾ ಸಂಸ್ಥಾನವು 2017ರಲ್ಲಿಯೂ ಕ್ಯಾಲಿಫೋರ್ನಿಯಾ 2019ರಲ್ಲಿಯೂ ಸ್ಪೇನ್ ದೇಶವು 2022ರಲ್ಲಿಯೂ ಜಾರಿಗೆ ತಂದ ಕಾನೂನುಗಳು, ದಂಪತಿಗಳು ಬೇರಾಗುವಾಗ ಸಾಕುಪ್ರಾಣಿಯ ಯೋಗಕ್ಷೇಮವನ್ನೂ ಗಣನೆಗೆ ತೆಗೆದುಕೊಳ್ಳಲು ನ್ಯಾಯಾಧೀಶರಿಗೆ ದಾರಿ ಮಾಡಿಕೊಟ್ಟವು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಪ್ರಾಣಿಯ ಕ್ಷೇಮವನ್ನು ನೋಡುವ ಕರ್ತವ್ಯವನ್ನು ಒಡೆಯನಿಗೆ ಮಾತ್ರವಲ್ಲದೆ, ಅದನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನಿಗೂ ವಿಧಿಸಿದೆ.

ಆದುದರಿಂದ ಮಧ್ಯಸ್ಥನು ಇಬ್ಬರು ಮನುಷ್ಯರ ನಡುವೆ ನಿಷ್ಪಕ್ಷಪಾತಿಯಾಗಿರಬೇಕು. ಮೂರನೆಯದರ ವಿಷಯದಲ್ಲಿ ಉದಾಸೀನನಾಗಿರಬಾರದು. ಅವನು ಪ್ರಾಣಿಯ ವಕೀಲನಾಗಬೇಕಾಗಿಲ್ಲ. ಅದು ಯಾರ ಹತ್ತಿರ ಮಲಗುವುದು, ಯಾರ ಕೈಯಿಂದ ಔಷಧ ಕುಡಿಯುವುದು, ಯಾವ ಮನೆಯ ಹಾದಿ ಅದಕ್ಕೆ ತಿಳಿದಿದೆ ಎಂದು ಇಬ್ಬರನ್ನೂ ಕೇಳಿದರೆ ಸಾಕು. ನಿಜವಾಗಿ ಪ್ರೀತಿಸುವವನು ಆ ಪ್ರಶ್ನೆಗೆ ಸುಳ್ಳು ಹೇಳಲು ಹಿಂಜರಿಯುವನು.

ಇದಕ್ಕೆ ಮಿತಿಯೂ ಉಂಟು. ಪ್ರಾಣಿಯನ್ನು ಹೊಡೆದು ಹಿಂಸಿಸಿದವನೊಡನೆ ರಾಜಿಯೆಂಬುದು ಧರ್ಮವಲ್ಲ. ಏಟು ತಿಂದುದು ಬೇರೆ, ಕ್ಷಮಿಸುವವನು ಬೇರೆಯಾದರೆ ಅದು ಕ್ಷಮೆಯಾಗದು. ಹುಚ್ಚುನಾಯಿ ರೋಗಕ್ಕೆ ಲಸಿಕೆ ಹಾಕಿಸುವುದು ಚೌಕಾಶಿಯ ವಿಷಯವಲ್ಲ. ಒಬ್ಬನು ಬಲಿಷ್ಠನಾಗಿ ಮತ್ತೊಬ್ಬನು ಅಂಜಿ ತಲೆಯಾಡಿಸಿದರೆ ಅದನ್ನು ಒಪ್ಪಿಗೆಯೆನ್ನಲಾಗದು. ಅಲ್ಲೆಲ್ಲ ನ್ಯಾಯಾಸ್ಥಾನವೇ ಶರಣು.

ಮಿಕ್ಕ ಕಡೆಗಳಲ್ಲಿ ಸಂಧಾನವು ಕಲಿಸುವ ಪಾಠವೊಂದುಂಟು. ಆ ಗೃಹಸ್ಥನು ಮಾತುಕತೆಯ ಕೊನೆಯಲ್ಲಿ ನಾಯಿಯನ್ನು ನೆರೆಮನೆಯಲ್ಲಿಯೇ ಬಿಟ್ಟು, ಸಂಜೆ ಬಂದು ನೋಡಿಕೊಂಡು ಹೋಗಲು ಒಪ್ಪಬಹುದು. ಅಥವಾ ನೆರೆಯವನೇ ಮಗಳ ಕಣ್ಣೀರನ್ನು ಒರೆಸಿ ಅದನ್ನು ಒಪ್ಪಿಸಬಹುದು. ಎರಡರಲ್ಲಿ ಯಾವುದಾದರೂ ನೋವಿಲ್ಲದೆ ಆಗುವುದಿಲ್ಲ. "ಇದು ಯಾರದು" ಎಂದು ಬಂದವರು "ಇದಕ್ಕೆ ತಾವು ಏನಾಗಬೇಕು" ಎಂದು ಕೇಳಿಕೊಂಡು ಹಿಂದಿರುಗಿದರೆ, ನಾಯಿಯು ಯಾರ ಅಂಗಳದಲ್ಲಿದ್ದರೂ ಎರಡು ಮನೆಗಳ ಬಾಗಿಲೂ ಅದಕ್ಕೆ ತೆರೆದಿರುವುದು.