ನೌಕರನ ಬೆವರು, ಮಾಲೀಕನ ಮಾತು

ಅಂಗಡಿ, ಹೋಟೆಲು, ಗ್ಯಾರೇಜು, ಹಿಟ್ಟಿನ ಗಿರಣಿ ನಡೆಸುವ ನಮ್ಮ ಸಹೋದರರಿಗೆ ಒಂದಲ್ಲ ಒಂದು ದಿನ ಎದುರಾಗುವ ಸಂಕಟವೊಂದಿದೆ. ಕೆಲಸಕ್ಕಿರುವ ಹುಡುಗ ಪ್ರಾಮಾಣಿಕ, ಮೈಮುರಿದು ದುಡಿಯುತ್ತಾನೆ. ಆದರೆ ಹತ್ತಿರ ಬಂದರೆ ಬೆವರಿನ ನಾತ. ಗಿರಾಕಿಗಳು ಮುಖ ತಿರುಗಿಸುತ್ತಾರೆ. ಜೊತೆಗಾರರು ಬೆನ್ನ ಹಿಂದೆ ನಗುತ್ತಾರೆ. ಮಾಲೀಕ ಹಲವು ದಿನ ಸುಮ್ಮನಿದ್ದು, ಕೊನೆಗೊಮ್ಮೆ ನಾಲ್ಕು ಜನರ ಎದುರೇ ಸಿಡುಕುತ್ತಾನೆ: "ಸ್ನಾನ ಮಾಡಿ ಎಷ್ಟು ದಿನವಾಯ್ತೋ ನಿನಗೆ? ಆಚೆ ನಿಲ್ಲು!" ಹುಡುಗ ತಲೆ ತಗ್ಗಿಸುತ್ತಾನೆ. ಮರುದಿನ ಕೆಲಸಕ್ಕೆ ಬರುವುದಿಲ್ಲ.

ಓದುಗರೇ, ಇಲ್ಲಿ ತಪ್ಪಿದವರು ಯಾರು? ಉತ್ತರಿಸುವ ಮೊದಲು ಪ್ರವಾದಿವರ್ಯರ(ಸ) ಮಸೀದಿಯನ್ನೊಮ್ಮೆ ನೆನೆಯೋಣ.

ಮದೀನಾದ ಆರಂಭದ ದಿನಗಳ ಸ್ಥಿತಿಯನ್ನು ಹಝ್ರತ್ ಆಯಿಶಾ(ರ) ಮತ್ತು ಹಝ್ರತ್ ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ಅಂದಿನ ಮುಸ್ಲಿಮರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಶ್ರಮಜೀವಿಗಳು. ಉಣ್ಣೆಯ ಬಟ್ಟೆ ತೊಟ್ಟು ಬೆನ್ನಿನ ಮೇಲೆ ಹೊರೆ ಹೊರುತ್ತಿದ್ದರು. ಮಸೀದಿ ಇಕ್ಕಟ್ಟು, ಮಾಡು ತಗ್ಗು. ಸುಡುಬಿಸಿಲಿನ ಒಂದು ಜುಮಾದಂದು ಉಣ್ಣೆಗೆ ಬೆವರಿಳಿದು, ವಾಸನೆಯಿಂದ ಒಬ್ಬರಿಗೊಬ್ಬರು ಹಿಂಸೆಪಟ್ಟರು. ಅದು ಪ್ರವಾದಿವರ್ಯರ(ಸ) ಗಮನಕ್ಕೆ ಬಂತು. ಅವರು ಯಾರ ಹೆಸರನ್ನೂ ಎತ್ತಲಿಲ್ಲ, ಯಾರನ್ನೂ ಹೊರಗೆ ಕಳುಹಿಸಲಿಲ್ಲ. ಈ ದಿನ ಸ್ನಾನ ಮಾಡಿ, ತಮ್ಮಲ್ಲಿರುವ ಒಳ್ಳೆಯ ಸುಗಂಧ ಹಚ್ಚಿಕೊಂಡು ಬರುವಂತೆ ಎಲ್ಲರಿಗೂ ಸೇರಿಸಿ ಹೇಳಿದರು. ಶಿರಾ ಸೀಮೆಯ ಕಂಬಳಿಯನ್ನು ಬಲ್ಲ ನಮಗೆ, ಉಣ್ಣೆಗೆ ಬೆವರು ಸೇರಿದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ನಾವು ಶುಕ್ರವಾರ ಮಾಡುವ ಸ್ನಾನದ ಹಿಂದೆ ದುಡಿಯುವ ಜನರ ಬೆವರಿದೆ ಎಂಬುದನ್ನು ಮರೆಯಬಾರದು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಒಂದು, ದುರ್ವಾಸನೆಯಿಂದ ಪಕ್ಕದವನಿಗೆ ತೊಂದರೆಯಾಗುವುದು ಸಣ್ಣ ವಿಷಯವಲ್ಲ. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಹೇಳಿದ್ದೂ ಇದೇ ಕಾರಣಕ್ಕೆ. ಆದ್ದರಿಂದ ನೌಕರನಿಗೆ ಹೇಳದೆ ಸುಮ್ಮನಿರುವುದು ಅವನಿಗೆ ಮಾಡುವ ಉಪಕಾರವಲ್ಲ. ಎರಡು, ಹೇಳುವಾಗ ಒಬ್ಬನ ಮಾನವೂ ಹೋಗಬಾರದು.

ಮಾನ ಹೋಗುವುದೆಂದರೇನು? ಹಝ್ರತ್ ಅಬೂದರ್ರ್(ರ) ಒಮ್ಮೆ ಒಬ್ಬನನ್ನು ಅವನ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ಅವರಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ನಮ್ಮ ಕೈಕೆಳಗೆ ದುಡಿಯುವವರು ನಮ್ಮ ಸಹೋದರರು, ಅಲ್ಲಾಹನೇ ಅವರನ್ನು ನಮ್ಮ ವಶಕ್ಕೆ ಕೊಟ್ಟಿದ್ದಾನೆ, ನಾವು ಉಣ್ಣುವುದನ್ನೇ ಅವರಿಗೆ ಉಣಿಸಬೇಕು, ತೊಡುವುದನ್ನೇ ತೊಡಿಸಬೇಕು, ಶಕ್ತಿಮೀರಿದ ಕೆಲಸ ಹೇರಬಾರದು, ಹೇರಿದರೆ ನಾವೂ ಕೈಜೋಡಿಸಬೇಕು ಎಂದು ಬೋಧಿಸಿದರು. ಆ ಬಳಿಕ ಅಬೂದರ್ರ್(ರ) ಮತ್ತು ಅವರ ಸೇವಕ ಒಂದೇ ಬಗೆಯ ಬಟ್ಟೆಯಲ್ಲಿರುವುದನ್ನು ಜನರು ಕಂಡರು.

ನಮ್ಮ ನಾಡಿನಲ್ಲಿ "ಗಲೀಜು" ಎಂಬ ಮಾತು ಬಹಳ ಸಲ ಮೈಯ ಕೊಳೆಗೆ ನಿಲ್ಲುವುದಿಲ್ಲ. ಅದು ಜಾತಿಗೆ, ಕೇರಿಗೆ, ಹುಟ್ಟಿಗೆ ತಗಲುತ್ತದೆ. ಕೇಳಿಸಿಕೊಂಡವನ ಎದೆಯಲ್ಲಿ ಅವನ ಅಪ್ಪ, ಅಜ್ಜ ಪಟ್ಟ ಅವಮಾನವೆಲ್ಲ ಎದ್ದು ನಿಲ್ಲುತ್ತದೆ. ನೌಕರನಿಗೆ ಬೇರೆ ಲೋಟ ಇಟ್ಟವನು ಶುಚಿತ್ವದ ಬಗ್ಗೆ ಉಪದೇಶಿಸಿದರೆ ಅದು ಉಪದೇಶವೇ ಅಲ್ಲ.

ಇನ್ನು ನಮ್ಮ ಸೀಮೆಯ ನೀರಿನ ವಿಷಯ. ಹುಲಿಕುಂಟೆ! ಕುಂಟೆ ಎಂದರೆ ಸಣ್ಣ ಕೆರೆ. ಊರಿನ ಹೆಸರಿನಲ್ಲಿ ನೀರಿದೆ. ಆದರೆ ಶಿರಾ, ಮಧುಗಿರಿ, ಪಾವಗಡದ ಕಡೆ ಬೇಸಿಗೆಯಲ್ಲಿ ಬಿಂದಿಗೆಗಳ ಸಾಲು ಯಾರಿಗೆ ಹೊಸದು? ಕುಡಿಯುವ ನೀರಿಗೇ ಕಾಯುವ ಮನೆಯಿಂದ ಬರುವ ಹುಡುಗನಿಗೆ ದಿನವೂ ಮೀಯಬೇಕೆಂದು ಹೇಳುವುದು ಸುಲಭ. ಕೊಳೆಯಾದ ಬಟ್ಟೆ ತೊಟ್ಟಿದ್ದ ಒಬ್ಬನನ್ನು ಕಂಡು, ಬಟ್ಟೆ ಒಗೆಯಲು ಇವನಿಗೆ ಏನೂ ಸಿಗಲಿಲ್ಲವೇ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಕೇಳಿದ್ದುಂಟು. ಆ ಮಾತು ಕೊಳೆಯಲ್ಲಿರುವವನಿಗೆ ಎಚ್ಚರಿಕೆ. ಆದರೆ ಸಂಬಳ ಕೊಡುವವನೂ ಅದೇ ಪ್ರಶ್ನೆಯನ್ನು ತನಗೆ ಕೇಳಿಕೊಳ್ಳಲಿ. ಅವನಿಗೆ ಎರಡನೆಯ ಜೊತೆ ಬಟ್ಟೆ ಇದೆಯೇ? ಅಂಗಡಿಯ ಹಿಂದೆ ಒಂದು ಬಕೆಟ್ ನೀರು, ಒಂದು ಸೋಪು, ಮರೆಗೊಂದು ಬಾಗಿಲು ಇದೆಯೇ? ಹೊರೆ ಇಳಿಸಿದ ಮೇಲೆ ಮೈ ತೊಳೆದುಕೊಳ್ಳಲು ಹತ್ತು ನಿಮಿಷ ಬಿಡುತ್ತೇವೆಯೇ? ಪ್ರವಾದಿವರ್ಯರು(ಸ) ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ, ಮೂರು ನಾಲ್ಕು ಲೀಟರಿನಲ್ಲಿ ಸ್ನಾನ ಮುಗಿಸುತ್ತಿದ್ದರು. ಒಂದು ಬಿಂದಿಗೆಯೂ ಬೇಡ. ಅಷ್ಟನ್ನು ಒದಗಿಸಲಾರದಷ್ಟು ಬಡ ಅಂಗಡಿ ಯಾವುದಿದೆ?

ಮತ್ತೊಂದು ಎಚ್ಚರಿಕೆ. ಕಂಡದ್ದೆಲ್ಲ ಕೊಳೆಯಲ್ಲ. ಪಾವಗಡ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಈ ಅಂಶ ಬಾಲ್ಯದಲ್ಲಿ ಅತಿಯಾಗಿ ಒಳಸೇರಿದರೆ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಮೂಡುತ್ತದೆ. ಎಷ್ಟು ಉಜ್ಜಿದರೂ ಹೋಗದು. ಅಂಥವನನ್ನು ಹಲ್ಲುಜ್ಜದವನೆಂದು ಹಂಗಿಸುವುದು ಸುಳ್ಳು ಆರೋಪ. ಬಾಯಿಯ ವಾಸನೆಗೆ ಹುಳುಕು ಹಲ್ಲು, ಒಸಡಿನ ರೋಗ ಕಾರಣವಾಗಿರಬಹುದು. ಕೆಲವರಿಗೆ ಕಾಯಿಲೆಯಿಂದಲೇ ಬೆವರು ಅತಿಯಾಗಿರುತ್ತದೆ. ಅಂಥವನಿಗೆ ಬೇಕಾದದ್ದು ವೈದ್ಯ, ಬೈಗುಳವಲ್ಲ.

ಹಾಗಾದರೆ ಹೇಳುವುದು ಹೇಗೆ? ಕೆಲಸ ಮುಗಿದ ಮೇಲೆ, ಯಾರೂ ಇಲ್ಲದಾಗ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. "ತಮ್ಮಾ, ನಿನ್ನ ಕೆಲಸದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹತ್ತಿರ ನಿಂತಾಗ ಬೆವರಿನ ವಾಸನೆ ಬರುತ್ತಿದೆ. ನಮ್ಮ ಮೈವಾಸನೆ ನಮಗೇ ತಿಳಿಯುವುದಿಲ್ಲ, ಅದಕ್ಕೇ ಹೇಳಿದೆ. ಮನೆಯಲ್ಲಿ ನೀರಿಗೆ ತೊಂದರೆಯೇ?" ಇಷ್ಟು ಹೇಳಿ, ಅವನ ಮಾತು ಕೇಳಿರಿ. ವಯಸ್ಸಿನಲ್ಲಿ ಹಿರಿಯನಾದರೆ "ಅಣ್ಣಾ" ಎಂದು ಬಹುವಚನದಲ್ಲೇ ಮಾತನಾಡಿರಿ. ಮನೆಗೆಲಸದ ಹೆಂಗಸಾದರೆ ಮನೆಯ ಹೆಂಗಸರೇ ಹೇಳಲಿ. ಗಿರಾಕಿಗಳೆಲ್ಲ ದೂರಿದ್ದಾರೆಂದು ಪಟ್ಟಿ ಒಪ್ಪಿಸಬೇಡಿ. ನಾಳೆ ಅವನು ಅವರೆದುರು ನಿಲ್ಲಬೇಕು. ಬಳಿಕ ಆ ವಿಷಯವನ್ನು ಹೆಂಡತಿ, ಸ್ನೇಹಿತರ ಬಳಿಯೂ ಎತ್ತಬೇಡಿ. ಅದು ಪರದೂಷಣೆಯಾಗುತ್ತದೆ.

ಸತ್ಯವಿಶ್ವಾಸಿಯು ತನ್ನ ಸಹೋದರನಿಗೆ ಕನ್ನಡಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕನ್ನಡಿ ಕಲೆಯನ್ನು ಮುಚ್ಚಿಡುವುದಿಲ್ಲ. ಆದರೆ ಎದುರು ನಿಂತವನಿಗೆ ಮಾತ್ರ ತೋರಿಸುತ್ತದೆ, ಸದ್ದಿಲ್ಲದೆ ತೋರಿಸುತ್ತದೆ, ಅವನು ಸರಿದ ಮೇಲೆ ಅದನ್ನು ಉಳಿಸಿಕೊಳ್ಳುವುದಿಲ್ಲ.

ಬೆವರು ತೊಳೆದರೆ ಹೋಗುತ್ತದೆ. ಹತ್ತು ಜನರೆದುರು ಆಡಿದ ಮಾತನ್ನು ಯಾವ ನೀರಿನಿಂದ ತೊಳೆಯುವುದು? ನಮ್ಮ ಕೈಕೆಳಗಿನವರ ಬಗ್ಗೆ ಪರಲೋಕದಲ್ಲಿ ನಮ್ಮನ್ನು ಪ್ರಶ್ನಿಸಲಾಗುವುದು. ಅಂದು ಬಡ ಹುಡುಗನ ತಗ್ಗಿದ ತಲೆ ನಮ್ಮ ವಿರುದ್ಧ ಸಾಕ್ಷಿಯಾಗದಿರಲಿ. ಅಲ್ಲಾಹನು ನಮ್ಮ ಮೈಯನ್ನೂ ನಾಲಿಗೆಯನ್ನೂ ಶುದ್ಧವಾಗಿರಿಸಲಿ. ಆಮೀನ್.